ಕತ್ತರಿಯ ಕೆಳಗೆ ಬೀಳುವ ಬಂಡವಾಳ

ಬಟ್ಟೆ ವ್ಯಾಪಾರಿಯ ಲೆಕ್ಕದ ಪುಸ್ತಕದಲ್ಲಿ ಥಾನಿಗೆ ಜಾಗವಿದೆ, ಮೀಟರಿಗೆ ಜಾಗವಿದೆ, ಕಟ್‌ಪೀಸಿಗೂ ಜಾಗವಿದೆ. ಕತ್ತರಿಯ ಕೆಳಗೆ ಬೀಳುವ ಚಿಂದಿಗೆ ಮಾತ್ರ ಜಾಗವಿಲ್ಲ. ಬೀದರ್ ಪೇಟೆಯಲ್ಲಿ ‘ಕತ್ರನ್’ ಎಂದು ಕರೆಸಿಕೊಳ್ಳುವ ಈ ತುಂಡು ಬಟ್ಟೆಯು ದಿನದ ಕೊನೆಗೆ ಗೋಣಿಚೀಲ ಸೇರುತ್ತದೆ. ಸ್ವಲ್ಪ ಭಾಗ ಗ್ಯಾರೇಜುಗಳಿಗೆ ಎಣ್ಣೆ ಒರೆಸಲು ಹೋಗುತ್ತದೆ, ಸ್ವಲ್ಪ ಭಾಗ ಗಾದಿ ಮತ್ತು ದಿಂಬು ತುಂಬುವವರ ಕೈಸೇರುತ್ತದೆ, ಉಳಿದದ್ದು ಕಸದ ಗಾಡಿಗೆ. ಮೀಟರಿನ ಲೆಕ್ಕದಲ್ಲಿ ಕೊಂಡುತಂದ ಸರಕು ಕೊನೆಗೆ ಕಿಲೋ ಲೆಕ್ಕದಲ್ಲಿ ಹೊರಹೋಗುತ್ತಿದೆ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ.

ಉಡುಪು ತಯಾರಿಕೆಯಲ್ಲಿ ಕತ್ತರಿಸುವ ಹಂತದಲ್ಲಿಯೇ ಬಟ್ಟೆಯ ನೂರರಲ್ಲಿ ಹತ್ತರಿಂದ ಹದಿನೈದು ಪಾಲು ಚೂರಾಗಿ ಹೋಗುವುದೆಂಬುದು ಉದ್ಯಮದ ಸಾಮಾನ್ಯ ಅಂದಾಜು. ತೋಳಿನ ಬಾಗು, ಕೊರಳಿನ ದುಂಡು, ಕಂಕುಳಿನ ಇಳಿಜಾರು ಇವುಗಳ ನಡುವಿನ ಮೂಲೆಗಳನ್ನು ಎಷ್ಟೇ ನುರಿತ ಕೈಯೂ ಪೂರ್ತಿಯಾಗಿ ಉಳಿಸಲಾರದು. ಶಾಲಾ ಸಮವಸ್ತ್ರ ಹೊಲಿಯುವ ಒಂದು ಸಣ್ಣ ಘಟಕವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಮೀಟರಿಗೆ 120 ರೂಪಾಯಿಯಂತೆ 1,000 ಮೀಟರ್ ಬಟ್ಟೆ ಕತ್ತರಿಸಿದರೆ 12,000ದಿಂದ 18,000 ರೂಪಾಯಿ ಬೆಲೆಯ ಬಟ್ಟೆ ನೆಲಕ್ಕೆ ಬೀಳುತ್ತದೆ. ಅದನ್ನು ಚಿಂದಿಯವನಿಗೆ ತೂಗಿಕೊಟ್ಟಾಗ ಬರುವ ಹಣ ಅಂದಿನ ಚಹಾದ ಖರ್ಚಿಗೆ ಸಾಕಾದರೆ ಪುಣ್ಯ. ಈ ನಷ್ಟವನ್ನು ಉತ್ಪಾದಕರು ಉಡುಪಿನ ಬೆಲೆಯಲ್ಲಿ ಸೇರಿಸಿ ಮರೆತುಬಿಡುತ್ತಾರೆ. ಆದರೆ ಬೀದರಿನಂಥ ಜಿಲ್ಲೆಯಲ್ಲಿ ಈ ಮರೆವು ತುಸು ವಿಚಿತ್ರವಾಗಿ ಕಾಣುತ್ತದೆ. ಏಕೆಂದರೆ ಚಿಂದಿಯಿಂದ ಬೆಲೆಬಾಳುವ ವಸ್ತುವನ್ನು ಮಾಡುವ ವಿದ್ಯೆ ಇಲ್ಲಿಯ ಊರೂರಿನಲ್ಲಿಯೂ ಇದೆ. ಅದನ್ನು ಹೊರಗಿನಿಂದ ಯಾರೂ ತಂದು ಕಲಿಸಬೇಕಾಗಿಲ್ಲ.

ಕಮಠಾಣವನ್ನೇ ನೋಡಬಹುದು. ಬೀದರ್ ನಗರಕ್ಕೆ ಸಮೀಪದ ಈ ಹೋಬಳಿ ಕೇಂದ್ರವು ಹೊರಗಿನವರಿಗೆ ಪಾರ್ಶ್ವನಾಥ ಬಸದಿಯ ಊರೆಂದು ಪರಿಚಿತ. ಇಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಹಳೆಯ ಸೀರೆ, ಧೋತರ, ಅಂಗಿ, ಲಂಗಗಳ ತುಂಡುಗಳಿಗೆ ಮನೆಯೊಳಗೆ ಬೇರೆಯೇ ಒಂದು ಬಾಳಿದೆ. ಅದರ ಹೆಸರು ಕೌದಿ. ಭಾಲ್ಕಿ, ಔರಾದಗಳ ಕಡೆಯಲ್ಲಿ ಮರಾಠಿ ಮಾತನಾಡುವ ಮನೆಗಳು ಅದನ್ನೇ ಗೋಧಡಿ ಎನ್ನುತ್ತವೆ, ಉರ್ದು ಮಾತನಾಡುವ ಮನೆಗಳು ಗುದಡಿ ಎನ್ನುತ್ತವೆ. ಹೆಸರು ಮೂರಾದರೂ ಹೊಲಿಗೆ ಒಂದೇ. ಚಳಿಗಾಲದಲ್ಲಿ ರಾಜ್ಯದ ಅತಿ ಕಡಿಮೆ ಉಷ್ಣಾಂಶ ದಾಖಲಾಗುವ ಊರುಗಳ ಪಟ್ಟಿಯಲ್ಲಿ ಬೀದರ್ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ ಎಂಬುದನ್ನು ನೆನೆದರೆ, ಹೊದಿಕೆಯ ವಿದ್ಯೆ ಇಲ್ಲಿ ಬೇರೂರಿದ್ದರಲ್ಲಿ ಆಶ್ಚರ್ಯವಿಲ್ಲ.

ಕೌದಿಯ ರಚನೆ ಸರಳವಾಗಿ ಕಂಡರೂ ಅದರಲ್ಲಿ ಲೆಕ್ಕಾಚಾರವಿದೆ. ಕೆಳಪದರಕ್ಕೆ ಅಖಂಡವಾದ ಹಳೆಯ ಸೀರೆ, ನಡುವೆ ಮೆತ್ತಗಾದ ಹಳೆ ಬಟ್ಟೆಯ ಎರಡು ಮೂರು ಪದರ, ಮೇಲೆ ಬಣ್ಣಬಣ್ಣದ ತುಂಡುಗಳು. ಇವೆಲ್ಲವನ್ನೂ ಹಿಡಿದಿಡುವುದು ಕೈಹೊಲಿಗೆಯ ಒತ್ತೊತ್ತಾದ ಸಾಲುಗಳು. ಸಾಲುಗಳ ನಡುವಿನ ಅಂತರ ಹೆಚ್ಚಾದರೆ ಒಳಪದರ ಒಂದೆಡೆ ಸೇರಿ ಗಂಟಾಗುತ್ತದೆ. ಕಡಿಮೆಯಾದರೆ ಕೌದಿ ಹಲಗೆಯಂತೆ ಬಿರುಸಾಗುತ್ತದೆ. ಎಷ್ಟು ಅಂತರವಿರಬೇಕೆಂಬುದು ಹೊಲಿಯುವವಳ ಬೆರಳಿಗೆ ಗೊತ್ತು. ಹರಿದ ಜಾಗಕ್ಕೆ ಮತ್ತೊಂದು ತುಂಡು ಹಚ್ಚಿ ಅದೇ ಕೌದಿಯನ್ನು ವರ್ಷಗಟ್ಟಲೆ ಬಳಸಬಹುದು. ಉತ್ತರ ಕರ್ನಾಟಕದ ಹಲವೆಡೆ ಅಲೆಮಾರಿ ಸಮುದಾಯಗಳ ಹೆಂಗಸರು ಮನೆ ಮನೆಗೆ ಬಂದು, ಮನೆಯವರ ಬಟ್ಟೆಯಲ್ಲಿಯೇ ಕೌದಿ ಹೊಲಿದುಕೊಟ್ಟು, ಕೂಲಿಗೆ ಕಾಳುಕಡ್ಡಿಯನ್ನೋ ಹಣವನ್ನೋ ಪಡೆಯುವ ಪದ್ಧತಿಯೂ ಉಂಟು. ಕೂಸಿನ ಕುಂಚಿ, ಕುಲಾಯಿ, ಎಲೆಯಡಿಕೆಯ ಸಂಚಿ, ತಲೆಯ ಮೇಲಿನ ಕೊಡಕ್ಕೆ ಸಿಂಬಿ, ಹೊಲಕ್ಕೆ ಒಯ್ಯುವ ಬುತ್ತಿಯ ಚೀಲ ಇವೆಲ್ಲ ಅದೇ ಚಿಂದಿಯ ಸಂತಾನ.

ಇಂಥ ವಿದ್ಯೆ ಈಗ ಹಿಂದೆ ಸರಿಯುತ್ತಿರುವುದೇಕೆ? ಕಾರಣಗಳು ಎರಡು ಮೂರು ಇವೆ. ಮೊದಲನೆಯದು ಬಟ್ಟೆಯದೇ. ಹತ್ತಿಯ ಸೀರೆ, ಹತ್ತಿಯ ಧೋತರಗಳ ಜಾಗಕ್ಕೆ ಪಾಲಿಯೆಸ್ಟರ್ ಬಂದಿತು. ಪಾಲಿಯೆಸ್ಟರ್ ಬೆವರನ್ನು ಹೀರುವುದಿಲ್ಲ, ಹಳೆಯದಾದರೂ ಮೆತ್ತಗಾಗುವುದಿಲ್ಲ, ಸೂಜಿಗೆ ಜಾರುತ್ತದೆ. ಎರಡನೆಯದು ಪೈಪೋಟಿ. ಹಳೆಯ ಉಣ್ಣೆಬಟ್ಟೆಯನ್ನು ಯಂತ್ರದಲ್ಲಿ ಹರಿದು, ಮತ್ತೆ ನೂಲು ತೆಗೆದು ಕಂಬಳಿ ಮಾಡುವ ಉದ್ಯಮವನ್ನು ಹರಿಯಾಣದ ಪಾಣಿಪತ್ ನಗರವು ದೊಡ್ಡ ಪ್ರಮಾಣದಲ್ಲಿ ಬೆಳೆಸಿದೆ. ಅದರ ಜೊತೆಗೆ ಮಿಂಕ್ ಎಂಬ ಹೆಸರಿನ ಮೆತ್ತನೆಯ ಪಾಲಿಯೆಸ್ಟರ್ ಹೊದಿಕೆಗಳೂ ಸಂತೆಯ ಅಂಗಡಿಗೆ ಬಂದವು. ಮದುವೆಯಲ್ಲಿ ಕೊಡುವ ಹಾಸಿಗೆ ಹೊದಿಕೆಗಳಲ್ಲಿ ಅವು ಜಾಗ ಹಿಡಿದವು. ಮೂರನೆಯದು, ಹೇಳಲು ಸಂಕೋಚವಾಗುವಂಥದು. ಚಿಂದಿಯ ಹೊದಿಕೆ ಬಡತನದ ಗುರುತೆಂಬ ಭಾವನೆ ಮನೆಗಳಲ್ಲಿ ಬೆಳೆಯಿತು. ಅತ್ತೆ ಹೊಲಿದ ಕೌದಿಯನ್ನು ಸೊಸೆ ಅಟ್ಟಕ್ಕೆ ಹಾಕಿದಳು. ನೆಂಟರು ಬಂದಾಗ ಮಿಂಕ್ ಹೊರಬಂತು. ಹೊಲಿಗೆಯನ್ನು ಮಗಳಿಗೆ ಕಲಿಸುವ ಅಗತ್ಯ ತಾಯಿಗೆ ಕಾಣಲಿಲ್ಲ.

ವಿಪರ್ಯಾಸವೆಂದರೆ, ಕಮಠಾಣದಂಥ ಊರುಗಳಲ್ಲಿ ಅದು ಅಟ್ಟ ಸೇರುತ್ತಿದ್ದ ಕಾಲದಲ್ಲಿಯೇ ದೊಡ್ಡ ಪಟ್ಟಣಗಳ ಅಂಗಡಿಗಳಲ್ಲಿ ಕೈಹೊಲಿಗೆಯ ಕೌದಿಗಳು ಗಾಜಿನ ಹಿಂದೆ ನಿಂತವು. ಕರ್ನಾಟಕದೊಳಗೇ ಇದಕ್ಕೆ ಉತ್ತಮ ನಿದರ್ಶನವಿದೆ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗಗಳಲ್ಲಿ ನೆಲೆಸಿರುವ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಕೌದಿಯನ್ನು ಅಂಚಿನಿಂದ ಆರಂಭಿಸಿ ಒಳಮುಖವಾಗಿ ಹೊಲಿಯುತ್ತ ನಡುವಿನಲ್ಲಿ ಮುಗಿಸುತ್ತಾರೆ. ಮುಗಿಸುವಾಗ ನಾಲ್ಕು ಮೂಲೆಗಳಿಗೆ ಬಣ್ಣದ ಮಡಿಕೆಯ ತುಂಡುಗಳನ್ನು ಹಚ್ಚುತ್ತಾರೆ. ಅದಕ್ಕೆ ‘ಫೂಲ’ ಎಂದು ಹೆಸರು. ಫೂಲವಿಲ್ಲದ ಕೌದಿ ಅವರ ದೃಷ್ಟಿಯಲ್ಲಿ ಬರಿಮೈಯದು. 2004ರಲ್ಲಿ ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ನೆರವಿನಿಂದ ಈ ಹೆಂಗಸರ ಸಹಕಾರ ಸಂಘಟನೆಯೊಂದು ರೂಪುಗೊಂಡಿತು. 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಸಿದ್ದಿ ಕೌದಿಗಳ ಪ್ರದರ್ಶನ ನಡೆಯಿತು. ಹಳೆಯ ಸೀರೆಯೂ ಹರಿದ ಅಂಗಿಯೂ ಅಲ್ಲಿಯವರೆಗೆ ಹೋದವು.

ಪ್ರದರ್ಶನಗಳಿಂದ ಹೊಟ್ಟೆ ತುಂಬುವುದೇ ಎಂದು ವರ್ತಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೆ ಅಮೆರಿಕದ ಅಲಬಾಮಾ ರಾಜ್ಯದ ಗೀಸ್ ಬೆಂಡ್ ಎಂಬ ಹಳ್ಳಿಯ ಕಥೆ ಹೆಚ್ಚು ಉಪಯುಕ್ತ. ಅಲ್ಲಿಯ ಬಡ ಕರಿಯ ಕುಟುಂಬಗಳ ಹೆಂಗಸರು ಹಳೆಯ ಕೆಲಸದ ಉಡುಪುಗಳ ತುಂಡುಗಳಿಂದ ತಲೆಮಾರುಗಳಿಂದ ಹೊದಿಕೆ ಹೊಲಿಯುತ್ತಿದ್ದರು. 1966ರಲ್ಲಿ ಆ ಪ್ರದೇಶದಲ್ಲಿ ‘ಫ್ರೀಡಂ ಕ್ವಿಲ್ಟಿಂಗ್ ಬೀ’ ಎಂಬ ಸಹಕಾರ ಸಂಘ ಹುಟ್ಟಿತು. 1972ರಲ್ಲಿ ಸಿಯರ್ಸ್ ಎಂಬ ಬೃಹತ್ ಚಿಲ್ಲರೆ ಕಂಪನಿಯು ಕಾರ್ಡುರಾಯ್ ಬಟ್ಟೆಯ ದಿಂಬಿನ ಹೊದಿಕೆಗಳಿಗಾಗಿ ಈ ಸಂಘಕ್ಕೆ ಗುತ್ತಿಗೆ ಕೊಟ್ಟಿತು. ದಿಂಬಿನ ಹೊದಿಕೆ ಕಂಪನಿಗೆ ಹೋಯಿತು; ಕತ್ತರಿಸಿ ಉಳಿದ ಕಾರ್ಡುರಾಯ್ ಚೂರುಗಳು ಹೆಂಗಸರ ಮನೆಗೆ ಬಂದು ಹೊದಿಕೆಗಳಾದವು. 2002ರಲ್ಲಿ ಹ್ಯೂಸ್ಟನ್ ನಗರದ ಕಲಾ ವಸ್ತುಸಂಗ್ರಹಾಲಯವು ಗೀಸ್ ಬೆಂಡಿನ ಹೊದಿಕೆಗಳನ್ನು ಗೋಡೆಗೆ ತೂಗುಹಾಕಿತು. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವುಗಳ ಚಿತ್ರದ ಅಂಚೆಚೀಟಿಗಳನ್ನು ಹೊರತಂದಿತು. ಇಲ್ಲಿ ಘಟನೆಗಳ ಅನುಕ್ರಮವನ್ನು ಗಮನಿಸಬೇಕು. ವ್ಯಾಪಾರಿಯ ಖರೀದಿ ಆದೇಶ ಮೊದಲು ಬಂತು, ಕೀರ್ತಿ ಮೂವತ್ತು ವರ್ಷಗಳ ನಂತರ ಬಂತು.

ಕೊರತೆ ಇರುವುದು ಎಲ್ಲಿ?

ಬೀದರ್ ಜಿಲ್ಲೆಯಲ್ಲಿ ಹೆಂಗಸರ ಸಂಘಟನೆಗೆ ಕೊರತೆಯಿಲ್ಲ. ನಬಾರ್ಡ್ 1992ರಲ್ಲಿ ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕಾರ್ಯಕ್ರಮ ಆರಂಭಿಸಿದ ನಂತರ, ಅದನ್ನು ಮುಂಚೂಣಿಯಲ್ಲಿ ನಿಂತು ನಡೆಸಿದ ಸಹಕಾರಿ ಸಂಸ್ಥೆಗಳಲ್ಲಿ ಬೀದರ್ ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕು ದೇಶದಲ್ಲಿಯೇ ಹೆಸರು ಮಾಡಿತು. ಸಾಲ ಪಡೆದು ಕಂತು ಕಟ್ಟುವ ಶಿಸ್ತು ಹಳ್ಳಿಯ ಗುಂಪುಗಳಿಗೆ ಬಂದಿದೆ. ಹೊಲಿಗೆ ಯಂತ್ರಗಳ ವಿತರಣೆಯೂ ತರಬೇತಿ ಶಿಬಿರಗಳೂ ಒಂದರ ಮೇಲೊಂದರಂತೆ ನಡೆದಿವೆ. ಹಾಗಿದ್ದೂ ಆ ಯಂತ್ರಗಳಲ್ಲಿ ಎಷ್ಟೋ ರವಿಕೆ ಹೊಲಿಗೆ, ಫಾಲ್ ಮತ್ತು ಪಿಕೋ ಕೆಲಸಕ್ಕೆ ಸೀಮಿತವಾಗಿವೆ. ಕೆಲವಂತೂ ಟಿವಿ ಇಡುವ ಮೇಜಾಗಿವೆ. ತರಬೇತಿ ಪಡೆದವಳಿಗೆ ಪ್ರಮಾಣಪತ್ರ ಸಿಗುತ್ತದೆ, ಶಿಬಿರದ ಸಮಾರೋಪದ ದಿನ ಛಾಯಾಚಿತ್ರ ತೆಗೆಯಲಾಗುತ್ತದೆ, ಮರುದಿನದಿಂದ ಆಕೆಯ ವಸ್ತುವನ್ನು ಕೊಳ್ಳುವವರಿಲ್ಲ.

ಇಲ್ಲಿ ವಾಣಿಜ್ಯ ವರ್ಗದ ಪಾತ್ರ ಆರಂಭವಾಗಬೇಕಾಗಿದೆ. ಚಿಂದಿಯ ಕಸುಬಿಗೆ ಬೇಕಾದದ್ದು ಮೂರು ಸಂಗತಿಗಳು: ಬೇರ್ಪಡಿಸಿದ ಬಟ್ಟೆ, ನಿಗದಿತ ಅಳತೆ, ಮುಂಗಡವಾಗಿ ಹೇಳಿದ ಖರೀದಿ. ಈ ಮೂರನ್ನೂ ಸರಕಾರ ಕೊಡಲಾರದು. ವ್ಯಾಪಾರಿ ಮಾತ್ರ ಕೊಡಬಲ್ಲ. ಅದೂ ದಾನದ ರೂಪದಲ್ಲಿ ಬೇಡ. ದಾನವಾಗಿ ಕೊಟ್ಟ ಚಿಂದಿಯಲ್ಲಿ ಗುಂಡಿ, ಜಿಪ್ಪು, ಕಾಗದ, ಅಂಟಿದ ಕ್ಯಾನ್ವಾಸು ಎಲ್ಲವೂ ಬೆರೆತಿರುತ್ತವೆ. ಬೆಲೆ ಕೊಟ್ಟು ಕೊಳ್ಳುವ ಚಿಂದಿಯನ್ನು ಮಾತ್ರ ಮಾರುವವನು ಶ್ರದ್ಧೆಯಿಂದ ಬೇರ್ಪಡಿಸುತ್ತಾನೆ.

ಬೇರ್ಪಡಿಸುವುದು ಕಷ್ಟದ ಕೆಲಸವೇನಲ್ಲ. ಕತ್ತರಿಸುವ ಮೇಜಿನ ಬಳಿ ಒಂದು ಚೀಲದ ಬದಲು ಮೂರು ಚೀಲ ಇಟ್ಟರೆ ಅರ್ಧ ಕೆಲಸ ಮುಗಿಯಿತು: ಹತ್ತಿ ಒಂದರಲ್ಲಿ, ಪಾಲಿಯೆಸ್ಟರ್ ಮತ್ತು ಮಿಶ್ರ ಬಟ್ಟೆ ಇನ್ನೊಂದರಲ್ಲಿ, ಅಂಗೈಗಿಂತ ಚಿಕ್ಕ ಚೂರುಗಳು ಮತ್ತೊಂದರಲ್ಲಿ. ಯಾವುದು ಹತ್ತಿ ಎಂಬ ಅನುಮಾನ ಬಂದರೆ ಒಂದು ಎಳೆ ನೂಲನ್ನು ಇಕ್ಕಳದಲ್ಲಿ ಹಿಡಿದು ಬೆಂಕಿಗೆ ತೋರಿಸಿದರಾಯಿತು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರಾದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಹೊಸ ಹತ್ತಿ ಬಟ್ಟೆ ಒಗೆದಾಗ ಕುಗ್ಗುತ್ತದೆ, ಕೆಲವು ಬಣ್ಣಗಳು ಬಿಡುತ್ತವೆ. ಆದುದರಿಂದ ಹೊಲಿಯುವ ಮೊದಲೇ ಒಮ್ಮೆ ನೀರಿಗೆ ಹಾಕಿ ಒಣಗಿಸುವುದು ಅವಶ್ಯಕ. ಕೆಂಪು ತುಂಡೊಂದು ಬಣ್ಣ ಬಿಟ್ಟು ಇಡೀ ಕೌದಿಯನ್ನು ಕೆಡಿಸಿದರೆ ಗಿರಾಕಿ ಎರಡನೆಯ ಬಾರಿ ಬರುವುದಿಲ್ಲ. ಮನೆಯ ಬಳಕೆಗೆ ಹೊಲಿಯುವಾಗ ಇದು ದೊಡ್ಡ ದೋಷವಲ್ಲ, ಮಾರಾಟಕ್ಕೆ ಹೊಲಿಯುವಾಗ ಇದೇ ಮುಖ್ಯ ದೋಷ. ವ್ಯಾಪಾರಿಯ ಅನುಭವ ಉಪಯೋಗಕ್ಕೆ ಬರುವುದು ಇಂಥಲ್ಲಿ.

ಆರಂಭಕ್ಕೆ ದೊಡ್ಡ ಕೌದಿಯೇ ಬೇಕೆಂದಿಲ್ಲ. ದೊಡ್ಡ ಕೌದಿಗೆ ಶ್ರಮ ಹೆಚ್ಚು, ಹಣ ತಿರುಗಿ ಬರುವುದು ತಡ. ಜೋಳದ ರೊಟ್ಟಿ ತಿನ್ನುವ ನಾಡಿನಲ್ಲಿ ರೊಟ್ಟಿ ಸುತ್ತಿಡುವ ಎರಡು ಪದರದ ಹತ್ತಿ ಬಟ್ಟೆಗೆ ಪ್ರತಿ ಅಡುಗೆಮನೆಯಲ್ಲಿಯೂ ಉಪಯೋಗವಿದೆ. ನಾಲ್ಕು ಅಂಗುಲದ ಚೌಕಗಳನ್ನು ಕಾಲು ಅಂಗುಲ ಅಂಚು ಬಿಟ್ಟು ಜೋಡಿಸಿದರೆ ಪ್ರತಿ ಚೌಕ ಮೂರೂವರೆ ಅಂಗುಲ ಉಳಿಯುತ್ತದೆ. ಅಂಥ ಮೂವತ್ತಾರು ಚೌಕಗಳಿಂದ ಇಪ್ಪತ್ತೊಂದು ಅಂಗುಲದ ಬಟ್ಟೆ ತಯಾರು. ಬಿಸಿ ಪಾತ್ರೆ ಹಿಡಿಯುವ ಬಟ್ಟೆಗೆ ಅದೇ ಚೌಕಗಳಲ್ಲಿ ನಾಲ್ಕು ಸಾಕು, ಆದರೆ ಒಳಗೆ ಹತ್ತಿಯದೇ ನಾಲ್ಕೈದು ಪದರ ಬೇಕು. ಇಲ್ಲಿ ಪಾಲಿಯೆಸ್ಟರ್ ಸೇರಿಸಿದರೆ ಬಿಸಿಗೆ ಕರಗಿ ಕೈಗೆ ಅಂಟುವ ಅಪಾಯವಿದೆ. ಪಾಲಿಯೆಸ್ಟರ್ ಚಿಂದಿಗೆ ಕಾಲೊರಸು ಸರಿಯಾದ ದಾರಿ. ಎರಡು ಅಂಗುಲ ಅಗಲದ ಉದ್ದನೆಯ ಪಟ್ಟಿಗಳನ್ನು ಜಡೆಯಂತೆ ಹೆಣೆದು, ಸುರುಳಿ ಸುತ್ತಿ, ಅಡಿಯಲ್ಲಿ ದಪ್ಪ ದಾರದಿಂದ ಹೊಲಿದರೆ ಬೇಗ ಹರಿಯದ, ಬೇಗ ಒಣಗುವ ಕಾಲೊರಸು ಸಿದ್ಧ. ಅಂಗೈಗಿಂತ ಚಿಕ್ಕ ಚೂರುಗಳು ಗೊಂಬೆಯ ಹೊಟ್ಟೆಗೂ ಕುರ್ಚಿಯ ಮೆತ್ತೆಗೂ ಹೋಗುತ್ತವೆ. ಎಲೆಯಡಿಕೆಯ ಸಂಚಿಯ ಬಗ್ಗೆ ಒಂದು ಮಾತು: ಒಂದರೊಳಗೊಂದು ಖಾನೆಗಳಿರುವ ಆ ಹಳೆಯ ವಿನ್ಯಾಸವು ಇಂದು ಮೊಬೈಲು, ಚಾರ್ಜರು, ಇಯರ್‌ಫೋನು, ಚಿಲ್ಲರೆ ಹಣ ಇಡಲು ಇನ್ನೂ ಚೆನ್ನಾಗಿ ಒಗ್ಗುತ್ತದೆ. ಅಜ್ಜಿಯ ಸೊಂಟದಲ್ಲಿದ್ದ ವಸ್ತುವಿಗೆ ಕಾಲೇಜಿನ ಹುಡುಗಿಯರು ಗಿರಾಕಿಗಳಾಗಬಲ್ಲರು.

ಬಳ್ಳಾರಿಯ ಜೀನ್ಸ್ ಘಟಕಗಳ ಚಿಂದಿ ಬೇರೆಯೇ ಜಾತಿಯದು. ಅದು ಗಟ್ಟಿ, ಒಂದೇ ಬಣ್ಣದ ಛಾಯೆಗಳಲ್ಲಿ ಸಿಗುತ್ತದೆ, ಚೀಲಕ್ಕೆ ಹೇಳಿ ಮಾಡಿಸಿದಂತಿದೆ. ಹದಿನಾರು ಅಥವಾ ಹದಿನೆಂಟು ನಂಬರಿನ ಸೂಜಿ ಹಾಕಿದರೆ ಸಾಮಾನ್ಯ ಹೊಲಿಗೆ ಯಂತ್ರದಲ್ಲಿಯೇ ಎರಡು ಪದರ ಹೊಲಿಯಬಹುದು. ಇನ್ನು ಕಲಬುರಗಿಗೆ 2023ರ ಮಾರ್ಚ್‌ನಲ್ಲಿ ಪಿಎಂ ಮಿತ್ರ ಜವಳಿ ಪಾರ್ಕು ಘೋಷಣೆಯಾಗಿದೆ. ದೇಶದಲ್ಲಿ ಅಂದು ಘೋಷಿತವಾದ ಏಳು ಪಾರ್ಕುಗಳಲ್ಲಿ ಅದೂ ಒಂದು. ಅಲ್ಲಿ ಉಡುಪು ಘಟಕಗಳು ಬಂದು ಕತ್ತರಿ ಆಡಲಾರಂಭಿಸಿದ ದಿನ ಚಿಂದಿಯೂ ಹುಟ್ಟುತ್ತದೆ. 2017ರಲ್ಲಿ ಆರಂಭವಾದ ಬೀದರ್-ಕಲಬುರಗಿ ರೈಲು ಮಾರ್ಗದಿಂದ ಆ ಊರು ಈಗ ದೂರವಾಗಿ ಉಳಿದಿಲ್ಲ. ಅಂದು ಪಾಣಿಪತ್ತಿನ ಲಾರಿ ಬರುವ ಮೊದಲೇ ಬೀದರಿನ ವರ್ತಕರು ಅಲ್ಲಿರುವುದು ಲೇಸು.

ಚೀಲದ ಅವಕಾಶ

ಚೀಲದ ವಿಷಯದಲ್ಲಿ ಒಂದು ಅವಕಾಶ ಕಣ್ಣೆದುರೇ ಜಾರಿಹೋಗಿದೆ. ಕರ್ನಾಟಕ ಸರಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. ಕೇಂದ್ರದ ನಿಯಮಗಳು 2021ರ ಸೆಪ್ಟೆಂಬರ್ 30ರಿಂದ 75 ಮೈಕ್ರಾನಿಗಿಂತ ತೆಳುವಾದ, 2022ರ ಡಿಸೆಂಬರ್ 31ರಿಂದ 120 ಮೈಕ್ರಾನಿಗಿಂತ ತೆಳುವಾದ ಪ್ಲಾಸ್ಟಿಕ್ ಚೀಲಗಳನ್ನು ತಡೆದವು. ಏಕಬಳಕೆಯ ಹಲವು ಪ್ಲಾಸ್ಟಿಕ್ ವಸ್ತುಗಳು 2022ರ ಜುಲೈ 1ರಿಂದ ನಿಷಿದ್ಧವಾದವು. ಬಟ್ಟೆಯ ಚೀಲಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಬರಲಾರದಿತ್ತು. ಆದರೆ ಅಂಗಡಿಗಳಿಗೆ ಬಂದದ್ದು ನೋಡಲು ಬಟ್ಟೆಯಂತಿರುವ ನಾನ್‌ವೋವನ್ ಚೀಲ. ಅದು ಪಾಲಿಪ್ರೊಪಿಲಿನ್, ಅಂದರೆ ಪ್ಲಾಸ್ಟಿಕ್ಕೇ; ಅದಕ್ಕೂ ಚದರ ಮೀಟರಿಗೆ 60 ಗ್ರಾಮಿಗಿಂತ ಕಡಿಮೆ ತೂಕವಿರಬಾರದೆಂಬ ನಿಯಮವಿದೆ. ಬಟ್ಟೆಯೆಂದು ನಂಬಿ ಕೊಂಡ ವರ್ತಕರು ಅನೇಕರು. ಬಟ್ಟೆಯ ಅಂಗಡಿಗಳೇ ತಮ್ಮ ಹೆಸರು ಅಚ್ಚಾದ ಆ ಪ್ಲಾಸ್ಟಿಕ್ ಚೀಲದಲ್ಲಿ ಹತ್ತಿಯ ಸೀರೆ ಹಾಕಿಕೊಡುವುದು ಕಂಡಾಗ ನಗಬೇಕೋ ಅಳಬೇಕೋ ತಿಳಿಯದು.

ಬೆಲೆಯಲ್ಲಿ ಹೊಸ ಬಟ್ಟೆಯ ಚೀಲ ನಾನ್‌ವೋವನ್ ಚೀಲದೊಡನೆ ಸೆಣಸಲಾರದೆಂಬುದು ನಿಜ. ಚಿಂದಿಯ ಚೀಲದಲ್ಲಿ ಬಟ್ಟೆಯ ಬೆಲೆ ಇಲ್ಲವೆನ್ನುವಷ್ಟು ಕಡಿಮೆ, ಹೊಲಿಗೆಯ ಕೂಲಿಯೇ ಮುಖ್ಯ ವೆಚ್ಚ. ಎಲ್ಲ ಗಿರಾಕಿಗಳಿಗೂ ಕೊಡಲಾಗದಿದ್ದರೂ ಒಂದು ಮಿತಿಗಿಂತ ಹೆಚ್ಚಿನ ಖರೀದಿಗೆ, ಮದುವೆ ಜವಳಿಗೆ, ದೀಪಾವಳಿಗೆ ಇಂಥ ಚೀಲ ಕೊಡುವುದು ಅಸಾಧ್ಯವಲ್ಲ. ಮದುವೆ ಜವಳಿ ಕೊಂಡ ಮನೆಯಲ್ಲಿ ಆ ಚೀಲ ಹತ್ತು ವರ್ಷ ಸಂತೆಗೆ ಹೋಗಿಬರುತ್ತದೆ, ಅಂಗಡಿಯ ಹೆಸರನ್ನೂ ಹೊತ್ತು.

ಬೆಲೆ, ಕೂಲಿ, ತೆರಿಗೆ

ದೊಡ್ಡ ಕೌದಿಯ ಲೆಕ್ಕವನ್ನು ಬಿಡಿಸಿ ನೋಡುವುದು ಅವಶ್ಯ, ಏಕೆಂದರೆ ಹೊಲಿಯುವವಳಿಗೆ ನಿಜವಾದ ಕೂಲಿ ಸಿಗುವುದೋ ಇಲ್ಲವೋ ಎಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ. ಒಂದು ಕೌದಿಗೆ ನಲವತ್ತು ಗಂಟೆಗಳ ಕೈಹೊಲಿಗೆ ಹಿಡಿಯಿತೆಂದು ಇಟ್ಟುಕೊಂಡರೆ ಅದು ಎಂಟು ಗಂಟೆಯ ಐದು ದಿನಗಳ ದುಡಿಮೆ. 2025-26ರ ಸಾಲಿಗೆ ಉದ್ಯೋಗ ಖಾತರಿ ಯೋಜನೆಯಡಿ ಕರ್ನಾಟಕದಲ್ಲಿ ದಿನಗೂಲಿ 370 ರೂಪಾಯಿ ನಿಗದಿಯಾಗಿತ್ತು. ಮಣ್ಣು ಹೊರುವ ಕೆಲಸಕ್ಕೆ ಇರುವ ಈ ಕೂಲಿಯನ್ನಾದರೂ ಕೌದಿಗೆ ಕೊಡುವುದಾದರೆ 1,850 ರೂಪಾಯಿ ಆಗುತ್ತದೆ. ಕೆಳಪದರದ ಬಟ್ಟೆ, ದಾರ, ತೊಳೆಯುವಿಕೆ, ಸಾಗಣೆ ಸೇರಿ 400 ರೂಪಾಯಿ ಎಂದರೆ 2,250. ವರ್ತಕನ ಪಾಲು ನೂರಕ್ಕೆ ಇಪ್ಪತ್ತರಂತೆ 450 ಸೇರಿದರೆ ಮಾರಾಟದ ಬೆಲೆ 2,700 ರೂಪಾಯಿ.

ತೊಡಕು ಇಲ್ಲಿಂದ ಆರಂಭ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ಪರಿಷ್ಕರಣೆಯಲ್ಲಿ ಹತ್ತಿಯ ರಜಾಯಿಗಳಿಗೆ ಪ್ರತಿಯೊಂದಕ್ಕೆ 2,500 ರೂಪಾಯಿವರೆಗಿನ ಬೆಲೆಗೆ ಶೇಕಡಾ 5, ಅದನ್ನು ದಾಟಿದರೆ ಶೇಕಡಾ 18 ತೆರಿಗೆ ನಿಗದಿಯಾಗಿದೆ. ಕೌದಿಯನ್ನು ಈ ವರ್ಗಕ್ಕೆ ಸೇರಿಸಿದಾಗ ಏನಾಗುತ್ತದೆ? 2,500ಕ್ಕೆ ಮಾರಿದರೆ ಗಿರಾಕಿ ಕೊಡುವುದು 2,625. 2,700ಕ್ಕೆ ಮಾರಿದರೆ 3,186. ಬೆಲೆ 200 ರೂಪಾಯಿ ಏರಿದ್ದಕ್ಕೆ ಗಿರಾಕಿಯ ಕೈಯಿಂದ 561 ರೂಪಾಯಿ ಹೆಚ್ಚು ಹೋಗುತ್ತದೆ. ಯಾವ ವರ್ತಕನಾದರೂ 2,500ರ ಗೆರೆಯೊಳಗೇ ನಿಲ್ಲಲು ನೋಡುತ್ತಾನೆ. ಆಗ ಕಡಿತವಾಗುವುದು ದಾರದ ಬೆಲೆಯೂ ಅಲ್ಲ, ಲಾರಿಯ ಬಾಡಿಗೆಯೂ ಅಲ್ಲ, ಹೊಲಿದವಳ ಕೂಲಿ. ಯಂತ್ರದಲ್ಲಿ ಹೊಲಿದ ರಜಾಯಿಗೆ 2,500 ರೂಪಾಯಿ ಉದಾರವಾದ ಮಿತಿಯಾಗಿರಬಹುದು, ಐದು ದಿನ ಕೈಯಲ್ಲಿ ಹೊಲಿದ ಹೊದಿಕೆಗೆ ಅದು ಬಿಗಿಯಾದ ಕೊರಳಪಟ್ಟಿ. ವರ್ಷಕ್ಕೆ 40 ಲಕ್ಷ ರೂಪಾಯಿಯೊಳಗೆ ಸರಕು ಮಾರುವವರಿಗೆ ಸಾಮಾನ್ಯವಾಗಿ ನೋಂದಣಿಯ ಅಗತ್ಯವಿಲ್ಲವೆಂದು ಕೆಲವರು ಸಮಾಧಾನ ಹೇಳಬಹುದು. ಹಳ್ಳಿಯ ಗುಂಪು ತಾನೇ ಮಾರಿದರೆ ಆ ಮಾತು ಸರಿ. ಆದರೆ ಹೆಚ್ಚಿನ ಪ್ರಮಾಣದಲ್ಲಿ ಕೊಂಡು ಮಾರಬಲ್ಲ ವರ್ತಕ ನೋಂದಾಯಿತನೇ ಆಗಿರುತ್ತಾನೆ, ಈ ಕಸುಬಿಗೆ ಬೇಕಾದವನೂ ಅವನೇ. ಕೈಹೊಲಿಗೆಯ ಕೌದಿಯನ್ನು ಬೆಲೆಯ ಮಿತಿಯಿಲ್ಲದೆ ಶೇಕಡಾ 5ರ ವರ್ಗಕ್ಕೆ ಸೇರಿಸಬೇಕೆಂದು ವಾಣಿಜ್ಯ ಸಂಘಗಳು ರಾಜ್ಯದ ಮೂಲಕ ಜಿಎಸ್‌ಟಿ ಮಂಡಳಿಗೆ ಮನವಿ ಸಲ್ಲಿಸುವುದು ಉಚಿತ. ತೆರಿಗೆಯ ಬಗ್ಗೆ ಸಂಘಗಳು ಸಲ್ಲಿಸುವ ಮನವಿಗಳ ಪಟ್ಟಿ ಉದ್ದವಾಗಿಯೇ ಇರುತ್ತದೆ. ಅದರಲ್ಲಿ ಇನ್ನೊಂದು ಸಾಲು ಸೇರಿದರೆ ಕಾಗದವೇನೂ ಹೆಚ್ಚು ಬೇಡ.

ಕೈಕೆಲಸದ ಬೆಲೆಯನ್ನು ಕಚ್ಚಾ ಸಾಮಗ್ರಿಯಿಂದ ಅಳೆಯಬಾರದೆಂಬುದು ಬೀದರಿನವರಿಗೆ ಹೊಸದಾಗಿ ಹೇಳಬೇಕಾದ ವಿಷಯವಲ್ಲ. ಬಿದರಿ ಕಲೆಯ ಹೂಜಿಯಲ್ಲಿರುವುದು ಬಹುಪಾಲು ಸತುವು, ಸ್ವಲ್ಪ ತಾಮ್ರ. ಅದನ್ನು ಕಪ್ಪಾಗಿಸುವುದು ಕೋಟೆಯ ಮಣ್ಣು. ಕೆತ್ತಿ ಕೂರಿಸಿದ ಬೆಳ್ಳಿಯ ತಂತಿಯನ್ನು ಲೆಕ್ಕಕ್ಕೆ ಹಿಡಿದರೂ ಸಾಮಗ್ರಿಯ ಬೆಲೆ ಕುಶಲಕರ್ಮಿಯ ಕೈಯ ಬೆಲೆಯ ಮುಂದೆ ಸಣ್ಣದು. ಬಿದರಿಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2023ರಲ್ಲಿ ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಸಂದಿತು. ಸತುವಿನ ತೂಕದಲ್ಲಿ ಬಿದರಿಯನ್ನು ಕೊಳ್ಳಲು ಯಾರೂ ಹೋಗುವುದಿಲ್ಲ. ಕೌದಿಯ ಮಾತು ಬಂದಾಗ ಮಾತ್ರ ‘ಹಳೆ ಬಟ್ಟೆ ತಾನೆ’ ಎಂಬ ಚೌಕಾಸಿ ಹೊರಬೀಳುತ್ತದೆ. ಬಿದರಿ ಗಂಡಸರ ಕಾರ್ಖಾನೆಯಲ್ಲಿ ಬೆಳೆಯಿತು, ಕೌದಿ ಹೆಂಗಸರ ಮಧ್ಯಾಹ್ನದ ಬಿಡುವಿನಲ್ಲಿ ಬೆಳೆಯಿತು. ಬೆಲೆಯ ವ್ಯತ್ಯಾಸದ ಮೂಲ ಇದೇ ಇರಬಹುದು.

ಔರಾದ ಮತ್ತು ಭಾಲ್ಕಿಯ ತಾಂಡಾಗಳನ್ನು ಮರೆಯುವಂತಿಲ್ಲ. ಲಂಬಾಣಿ ಹೆಂಗಸರ ಕಸೂತಿಯಲ್ಲಿ ಕನ್ನಡಿ, ಕವಡೆ, ಗೆಜ್ಜೆಗಳ ಜೊತೆಗೆ ತುಂಡು ಬಟ್ಟೆಯ ಜೋಡಣೆಗೂ ಮುಖ್ಯ ಸ್ಥಾನವಿದೆ. ಬಳ್ಳಾರಿ ಜಿಲ್ಲೆಯ ಸಂಡೂರು ಕುಶಲ ಕಲಾ ಕೇಂದ್ರವು ಈ ಕೆಲಸವನ್ನು ವ್ಯವಸ್ಥಿತ ವ್ಯಾಪಾರವಾಗಿ ಬೆಳೆಸಿತು. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು ದೊರೆಯಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ ಈ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಸಿದ್ಧಪಡಿಸಿದ 1,755 ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಗೆ ಸೇರಿತು. ಔರಾದದ ತಾಂಡಾದ ಹೆಂಗಸಿನ ಸೂಜಿ ಸಂಡೂರಿನವಳ ಸೂಜಿಗಿಂತ ಮೊಂಡೇನಲ್ಲ. ಅಲ್ಲಿ ಅಳತೆ, ಬಣ್ಣ, ಬೆಲೆ, ಗುಣಮಟ್ಟ ನೋಡಿ ಮಾರುವ ಒಂದು ಸಂಸ್ಥೆ ದಶಕಗಳ ಕಾಲ ಬಾಗಿಲು ತೆರೆದಿತ್ತು. ಇಲ್ಲಿ ಅಂಥ ಕೆಲಸಕ್ಕೆ ಖಾಸಗಿ ವರ್ತಕರು ಮುಂದೆ ಬಂದಿಲ್ಲ. ಸಂಡೂರಿನ ಗುರುತಿನ ಚೀಟಿಯನ್ನು ಬೀದರಿನ ವಸ್ತುವಿಗೆ ಹಚ್ಚುವಂತಿಲ್ಲ ಎಂಬುದನ್ನೂ ನೆನಪಿಡಬೇಕು. ಬೀದರಿನ ವಸ್ತು ಬೀದರಿನ ಹೆಸರಿನಲ್ಲಿಯೇ ಮಾರುಕಟ್ಟೆಗೆ ಹೋಗಬೇಕು.

ಮಾರುಕಟ್ಟೆಯೂ ದೂರವಿಲ್ಲ. ಗುರುನಾನಕ ಝೀರಾಕ್ಕೆ ಉತ್ತರ ಭಾರತದಿಂದ ವರ್ಷವಿಡೀ ಯಾತ್ರಿಕರು ಬರುತ್ತಾರೆ, ಬಹಮನಿ ಕೋಟೆಗೂ ಅಷ್ಟೂರಿನ ಗುಮ್ಮಟಗಳಿಗೂ ಪ್ರವಾಸಿಗರು ಬರುತ್ತಾರೆ, ಕಮಠಾಣದ ಬಸದಿಗೆ ಜೈನ ಯಾತ್ರಿಕರು ಬರುತ್ತಾರೆ. ಹೈದರಾಬಾದು ಕೆಲವೇ ಗಂಟೆಗಳ ದಾರಿ. ಬೀದರಿನಿಂದ ನೆನಪಿಗೆ ಒಯ್ಯಲು ಬಿದರಿಯ ವಸ್ತು ಎಲ್ಲರ ಕೈಗೆ ಎಟುಕುವುದಿಲ್ಲ. ಇನ್ನೂರು ಮುನ್ನೂರು ರೂಪಾಯಿಯ ಸಂಚಿ, ಬುತ್ತಿಚೀಲ, ಕೂಸಿನ ಕುಂಚಿ ಎಟುಕುತ್ತವೆ.

ಮೊದಲ ಹೆಜ್ಜೆಗೆ ಒಳ್ಳೆಯ ಸಮಯ ಶಾಲೆಗಳು ತೆರೆಯುವ ಕಾಲ. ಮೇ ಮತ್ತು ಜೂನ್ ತಿಂಗಳಲ್ಲಿ ಜಿಲ್ಲೆಯ ದರ್ಜಿಗಳೆಲ್ಲ ಸಮವಸ್ತ್ರದಲ್ಲಿ ಮುಳುಗಿರುತ್ತಾರೆ. ಒಂದೇ ಬಣ್ಣದ, ಒಂದೇ ಗುಣದ ಚಿಂದಿ ವರ್ಷದಲ್ಲಿ ಇಷ್ಟು ಪ್ರಮಾಣದಲ್ಲಿ ಬೇರೆಂದೂ ಸಿಗುವುದಿಲ್ಲ. ನೀಲಿ, ಬೂದು, ಖಾಕಿ ಬಣ್ಣಗಳು ಕೌದಿಗೆ ಮಂಕೆನಿಸಿದರೂ ಚೀಲಕ್ಕೂ ಕಾಲೊರಸಿಗೂ ಸೊಗಸು. ಸಮವಸ್ತ್ರದ ಬಟ್ಟೆ ಬಹುಪಾಲು ಮಿಶ್ರ ನೂಲಿನದಾದ್ದರಿಂದ ಬಾಳಿಕೆಯೂ ಹೆಚ್ಚು. ಹತ್ತು ಬಟ್ಟೆ ವರ್ತಕರು ಸೇರಿ, ತಮ್ಮೊಡನೆ ವ್ಯವಹರಿಸುವ ದರ್ಜಿಗಳಿಗೆ ಮೂರು ಮೂರು ಚೀಲ ಕೊಟ್ಟು, ಕಮಠಾಣ ಹೋಬಳಿಯ ಒಂದೆರಡು ಗುಂಪುಗಳಿಗೆ ದಸರೆಯೊಳಗೆ ಇಷ್ಟು ಚೀಲ, ದೀಪಾವಳಿಯೊಳಗೆ ಇಷ್ಟು ಎಂದು ಕಾಗದದ ಮೇಲೆ ಆದೇಶ ಕೊಟ್ಟು, ಕಾಲುಭಾಗ ಮುಂಗಡ ಇಟ್ಟರೆ ಸಾಕು. ಮುಂಗಡದ ಆ ಹಣ ಒಂದು ಅಂಗಡಿಯ ಹಬ್ಬದ ದೀಪಾಲಂಕಾರದ ವೆಚ್ಚವನ್ನು ಮೀರದು. ಮೊದಲ ಸರಕಿನಲ್ಲಿ ಹೊಲಿಗೆ ಸೊಟ್ಟಗಿರುವ ಚೀಲಗಳು ಬರುತ್ತವೆ. ಅವುಗಳನ್ನು ಹಿಂದಿರುಗಿಸಿ, ಸರಿಯಾದವುಗಳಿಗೆ ಅಂದೇ ಹಣ ಎಣಿಸಬೇಕು. ಉದ್ರಿ ಹೇಳಿದರೆ ಎರಡನೆಯ ಸರಕು ಬರುವುದಿಲ್ಲ.